ಪೋಸ್ಟ್‌ವಿಲ್ ಶಾಲೆಯಲ್ಲಿ ಓದುವುದು ಯಾರ ಮಕ್ಕಳು?

2008ರ ಮೇ 13, ಮಂಗಳವಾರ. ಅಮೆರಿಕದ ಐಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಸರ್ಕಾರಿ ಶಾಲೆಗಳಲ್ಲಿ ಅವತ್ತು ಅರ್ಧದಷ್ಟು ಮಕ್ಕಳು ಗೈರು. ಒಟ್ಟು ಇದ್ದದ್ದೇ ಸುಮಾರು 600 ಮಕ್ಕಳು. ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳಲ್ಲಂತೂ ಹತ್ತಕ್ಕೆ ಒಂಬತ್ತು ಜನ ಬಂದಿರಲಿಲ್ಲ. ಹಿಂದಿನ ದಿನ ಬೆಳಗ್ಗೆ ವಲಸೆ ಇಲಾಖೆಯ ಸುಮಾರು 900 ಸಿಬ್ಬಂದಿ ಹೆಲಿಕಾಪ್ಟರ್ ಸಮೇತ ಬಂದು, ಊರಿನ ಮಾಂಸದ ಕಾರ್ಖಾನೆಗೆ ನುಗ್ಗಿ, 389 ಕೆಲಸಗಾರರನ್ನು ಹಿಡಿದುಕೊಂಡು ಹೋಗಿದ್ದರು. ಊರಿನ ಜನಸಂಖ್ಯೆಯೇ ಆಗ 2,300ರ ಆಸುಪಾಸು. ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಒಂದೇ ಬೆಳಗ್ಗೆ ಊರಿಂದ ಕಾಣೆಯಾದರು.

ಈ ದಾಳಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ವಲಸೆಯ ಕಥೆಯಾಗಿ, ಕೋರ್ಟಿನ ಕಥೆಯಾಗಿ, ಧರ್ಮಗಳ ತಿಕ್ಕಾಟದ ಕಥೆಯಾಗಿ. ನಾನು ಇಲ್ಲಿ ನೋಡುವುದು ಅಷ್ಟು ರೋಚಕವಲ್ಲದ ಒಂದು ಬದಿಯನ್ನು: ಆ ಊರಿನ ಸ್ಕೂಲ್ ಡಿಸ್ಟ್ರಿಕ್ಟ್‌ನ ಲೆಕ್ಕವನ್ನು. ಅಲ್ಲಿ ಯಾರು ವಾಸ ಇದ್ದರು, ತೆರಿಗೆ ಕಟ್ಟುತ್ತಿದ್ದವರು ಯಾರು, ಓಟು ಹಾಕುತ್ತಿದ್ದವರು ಯಾರು, ಬೆಂಚಿನ ಮೇಲೆ ಕೂತಿದ್ದ ಮಕ್ಕಳು ಯಾರವರು? ನಾಲ್ಕೂ ಪ್ರಶ್ನೆಗೆ ಒಂದೇ ಉತ್ತರ ಬಂದರೆ ಅದು ಸಾಮಾನ್ಯ ಹಳ್ಳಿ. ಪೋಸ್ಟ್‌ವಿಲ್‌ನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಉತ್ತರ.

ಅಮೆರಿಕದಲ್ಲಿ ಮನೆ ಹುಡುಕಿದ ಕನ್ನಡಿಗರಿಗೆ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ, ಅಲ್ಲಿ ಮನೆಯ ರೇಟು ಏರುವುದು ಇಳಿಯುವುದು ಅದರ ಮೇಲೇ. ಇಲ್ಲಿರುವವರಿಗಾಗಿ ಎರಡು ಮಾತು. ದೂರದಿಂದ ನಮ್ಮ ಬಿಇಒ ವಲಯದ ಹಾಗೆ ಕಾಣುತ್ತದೆ, ಆದರೆ ಸಾಕಷ್ಟು ಸ್ವತಂತ್ರ. ಅದಕ್ಕೆ ಚುನಾಯಿತ ಮಂಡಳಿ ಇದೆ. ಹೊಲ ಮನೆಗಳ ಮೇಲೆ ತನ್ನದೇ ತೆರಿಗೆ ಹಾಕುತ್ತದೆ. ಮೇಷ್ಟ್ರನ್ನು ತಾನೇ ನೇಮಿಸಿಕೊಂಡು ತಾನೇ ಸಂಬಳ ಕೊಡುತ್ತದೆ. ನಮ್ಮಲ್ಲಿ ಮಕ್ಕಳು ಕಮ್ಮಿಯಾದರೆ ಹೆಚ್ಚುವರಿ ಮೇಷ್ಟ್ರಿಗೆ ಬೇರೆ ಕಡೆಗೆ ವರ್ಗ ಆಗುತ್ತದೆ, ಸಂಬಳ ಬೆಂಗಳೂರಿನ ಖಜಾನೆಯಿಂದ ಬರುತ್ತಲೇ ಇರುತ್ತದೆ. ಅಲ್ಲಿ ಮಕ್ಕಳು ಕಮ್ಮಿಯಾದರೆ ಕೆಲಸ ಹೋಗುತ್ತದೆ, ಇನ್ನೂ ಕಮ್ಮಿಯಾದರೆ ಡಿಸ್ಟ್ರಿಕ್ಟೇ ಹೋಗುತ್ತದೆ.

ಹೋಗುತ್ತದೆ ಅಂದದ್ದು ಸುಮ್ನೆ ಮಾತಿಗಲ್ಲ. 1950ರ ದಶಕದ ಆರಂಭದಲ್ಲಿ ಐಯೋವಾದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಡಿಸ್ಟ್ರಿಕ್ಟ್‌ಗಳಿದ್ದವು, ಒಂದೇ ಕೋಣೆಯ ಶಾಲೆಗೂ ಒಂದೊಂದು. ಈಗ 330 ಕೂಡ ಇಲ್ಲ. ಪೋಸ್ಟ್‌ವಿಲ್‌ನ ಪಕ್ಕದ ಒಂದು ಡಿಸ್ಟ್ರಿಕ್ಟಿನ ಹೆಸರು ಎಂಎಫ್‌ಎಲ್ ಮಾರ್‌ಮ್ಯಾಕ್. ಹೆಸರು ನೋಡಿದರೇ ಕಥೆ ಗೊತ್ತಾಗುತ್ತದೆ: ಮೊನೋನಾ, ಫಾರ್ಮರ್ಸ್‌ಬರ್ಗ್, ಲುವಾನಾ, ಮಾರ್ಕೆಟ್, ಮೆಕ್‌ಗ್ರೆಗರ್ ಎಂಬ ಐದು ಊರುಗಳು ಒಂದೊಂದು ತುಂಡು ಅಕ್ಷರ ಕೊಟ್ಟು ಒಂದು ಶಾಲೆ ಉಳಿಸಿಕೊಂಡವು. ಊರಿನ ಹೆಸರು ಉಳಿಯಬೇಕು ಅನ್ನೋ ಹಟ ಎಲ್ಲಾ ಕಡೆ ಒಂದೇ.

ಮಕ್ಕಳು ಎಲ್ಲಿ ಹೋದರು? ಜಮೀನು ಅವರನ್ನು ಓಡಿಸಿತು. 1970ರ ದಶಕದಲ್ಲಿ ಅಲ್ಲಿನ ರೈತರು ಬ್ಯಾಂಕ್ ಸಾಲ ತೆಗೆದು ಒಂದರ ಮೇಲೊಂದು ಜಮೀನು ಕೊಂಡರು. ಆಮೇಲೆ ಬಡ್ಡಿ ಆಕಾಶಕ್ಕೇರಿತು, ಬೆಳೆಯ ಬೆಲೆ ಬಿತ್ತು. 1981ರಲ್ಲಿ ಐಯೋವಾದ ಎಕರೆಗೆ ಸರಾಸರಿ 2,147 ಡಾಲರ್ ಇದ್ದದ್ದು 1986ಕ್ಕೆ 787ಕ್ಕೆ ಇಳಿಯಿತು. ಸಾಲ ಹಾಗೇ ಉಳಿಯಿತು. ಹರಾಜುಗಳಾದವು, ಚಿಕ್ಕ ರೈತರು ಮುಳುಗಿದರು, ಪಕ್ಕದ ದೊಡ್ಡ ರೈತ ಆ ಜಮೀನು ಕೊಂಡ. ಮೊದಲು ನಾಲ್ಕು ಸಂಸಾರ ಉಳುತ್ತಿದ್ದ ನೆಲವನ್ನು ಒಬ್ಬನೇ ದೊಡ್ಡ ಟ್ರ್ಯಾಕ್ಟರಿನಲ್ಲಿ ಉಳುವಂತಾಯಿತು. 1980ರಿಂದ 1990ರ ನಡುವೆ ಇಡೀ ರಾಜ್ಯದ ಜನಸಂಖ್ಯೆಯೇ 29 ಲಕ್ಷದಿಂದ 27.8 ಲಕ್ಷದ ಹತ್ತಿರಕ್ಕೆ ಇಳಿಯಿತು. ಹೋದವರಲ್ಲಿ ಹೆಚ್ಚಿನವರು ಮಕ್ಕಳನ್ನು ಹೆರುವ ವಯಸ್ಸಿನವರು. ಉಳಿದವರು ಅವರ ಅಪ್ಪ ಅಮ್ಮಂದಿರು.

ಪೋಸ್ಟ್‌ವಿಲ್ ಇರುವುದು ರಾಜ್ಯದ ಈಶಾನ್ಯ ತುದಿಯಲ್ಲಿ, ನಾಲ್ಕು ಕೌಂಟಿಗಳು (ನಮ್ಮ ಜಿಲ್ಲೆಗಳ ಥರ) ಕೂಡುವ ಮೂಲೆಯ ಹತ್ತಿರ. ಸುತ್ತ ಮೆಕ್ಕೆಜೋಳ, ಸೋಯಾ, ಹಾಲಿನ ಹಸುಗಳು. ಜರ್ಮನ್ ಮತ್ತು ನಾರ್ವೆ ಮೂಲದ ಲೂಥರನ್ನರು, ಒಂದಷ್ಟು ಐರಿಷ್ ಕ್ಯಾಥೊಲಿಕರು. ಊರಲ್ಲಿ ಹೈಗ್ರೇಡ್ ಕಂಪನಿಯ ಒಂದು ಕಸಾಯಿಖಾನೆ ಇತ್ತು, ಅದೂ ಮುಚ್ಚಿಹೋಗಿತ್ತು. 1990ರ ಗಣತಿಯಲ್ಲಿ ಜನಸಂಖ್ಯೆ 1,472. ಎಲ್ಲಾ ಲಕ್ಷಣ ನೋಡಿದರೆ ಈ ಶಾಲೆಯೂ ಇನ್ನೊಂದು ಊರಿನ ಹೆಸರಿನ ಹಿಂದೆ ಎರಡು ಅಕ್ಷರವಾಗಿ ಸೇರಬೇಕಿತ್ತು.

ಸೇರಲಿಲ್ಲ. ಯಾಕಂದರೆ 1987ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಆರನ್ ರುಬಾಶ್ಕಿನ್ ಎಂಬ ಮಾಂಸದ ವ್ಯಾಪಾರಿ ಆ ಪಾಳುಬಿದ್ದ ಕಸಾಯಿಖಾನೆಯನ್ನು ಕೊಂಡರು. ಅಗ್ರಿಪ್ರೊಸೆಸರ್ಸ್ ಅಂತ ಹೆಸರಿಟ್ಟರು. ಯಹೂದಿಗಳ ಕೋಷರ್ ನಿಯಮದ ಪ್ರಕಾರ ಕೊಯ್ದ ಮಾಂಸವನ್ನು ಅಮೆರಿಕದ ಮೂಲೆಮೂಲೆಗೆ ಕಳಿಸುವ ಯೋಜನೆ. ಇಪ್ಪತ್ತು ವರ್ಷದಲ್ಲಿ ಅದು ದೇಶದ ಅತಿ ದೊಡ್ಡ ಕೋಷರ್ ಕಸಾಯಿಖಾನೆಯಾಯಿತು, ಕೆಲಸಗಾರರು ಸಾವಿರದ ಹತ್ತಿರ ಮುಟ್ಟಿದರು.

ಇಂಥ ಕಾರ್ಖಾನೆಗೆ ಎರಡು ಬಗೆಯ ಜನ ಬೇಕು. ಕೊಯ್ಯುವುದು, ಪರೀಕ್ಷಿಸುವುದು ಧರ್ಮದ ಕೆಲಸ, ಅದಕ್ಕೆ ಕಲಿತ ಯಹೂದಿಗಳೇ ಆಗಬೇಕು. ಹಾಗಾಗಿ ಹಸಿಡಿಕ್ ಎಂಬ ಕಟ್ಟಾ ಸಂಪ್ರದಾಯಸ್ಥ ಯಹೂದಿ ಪಂಗಡದ ಕುಟುಂಬಗಳು ಬ್ರೂಕ್ಲಿನ್‌ನಿಂದ ಬಂದು ನೆಲೆಸಿದವು. ಕೊಯ್ದ ಮೇಲೆ ಚರ್ಮ ಸುಲಿಯುವುದು, ಕತ್ತರಿಸುವುದು, ರೆಕ್ಕೆ ಕೀಳುವುದು, ತೊಳೆಯುವುದು, ಇದಕ್ಕೆಲ್ಲ ಕಮ್ಮಿ ಕೂಲಿಗೆ ಸಿಗುವ ಕೈಗಳು ಬೇಕು. ಮೊದಲು ಹಳೆಯ ಸೋವಿಯತ್ ದೇಶಗಳಿಂದ ಬಂದವರು ಸಿಕ್ಕರು. ಆಮೇಲೆ ಮೆಕ್ಸಿಕೋದವರು. 2000ದ ನಂತರ ಗ್ವಾಟೆಮಾಲಾದವರು. ಹೆಚ್ಚಿನವರು ಚಿಮಲ್ತೆನಾಂಗೋ ಪ್ರಾಂತ್ಯದ ಎರಡೇ ಹಳ್ಳಿಗಳ ಕಡೆಯವರು: ಎಲ್ ರೊಸಾರಿಯೋ ಮತ್ತು ಸಾನ್ ಹೊಸೆ ಕಾಲ್ದೆರಾಸ್. ಅಣ್ಣ ಹೋದ, ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವಮೈದುನನನ್ನು ಕರೆಸಿದ. ರಾಯಚೂರು ಯಾದಗಿರಿ ಕಡೆಯಿಂದ ಗುಳೆ ಹೋಗುವವರನ್ನು ಬಲ್ಲವರಿಗೆ ಈ ಸರಪಳಿ ಹೊಸದಲ್ಲ.

ಶಾಲೆಯ ಕಣ್ಣಿಂದ ನೋಡಿದರೆ ಈ ಎರಡು ಗುಂಪುಗಳ ಪರಿಣಾಮ ಪೂರ್ತಿ ಬೇರೆ. ಹಸಿಡಿಕ್ ಕುಟುಂಬಗಳಲ್ಲಿ ಮಕ್ಕಳು ಜಾಸ್ತಿ, ಆದರೆ ಆ ಮಕ್ಕಳು ಓದುವುದು ತಮ್ಮದೇ ಧಾರ್ಮಿಕ ಶಾಲೆಯಲ್ಲಿ. ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇರುವುದಿಲ್ಲ. ಸ್ಪ್ಯಾನಿಷ್ ಮಾತಾಡುವ ಕೆಲಸಗಾರರ ಮಕ್ಕಳು ಮಾತ್ರ ನೇರ ಸರ್ಕಾರಿ ಶಾಲೆಗೇ ಬಂದರು. 1982ರಲ್ಲಿ ಪ್ಲೈಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ ಹೇಳಿಬಿಟ್ಟಿತ್ತು: ಕಾಗದಪತ್ರ ಇಲ್ಲ ಅನ್ನೋ ಕಾರಣಕ್ಕೆ ಯಾವ ಮಗುವನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ. ಆ ತೀರ್ಪಿನ ನೆರಳಲ್ಲಿ ಶಾಲೆಗಳು ವಲಸೆಯ ಕಾಗದದ ಸುದ್ದಿಗೇ ಹೋಗುವುದಿಲ್ಲ. ನಿಮ್ಮ ಮನೆ ಇಲ್ಲೇ ಇದೆಯಾ, ಲಸಿಕೆ ಹಾಕಿಸಿದ್ದೀರಾ, ಅಷ್ಟೇ.

ಭಾಷೆಯ ವಿಷಯದಲ್ಲೂ ಒಂದು ಸಿಕ್ಕು ಇದೆ. ಫಾರ್ಮಿನಲ್ಲಿ ಮನೆಮಾತು ಸ್ಪ್ಯಾನಿಷ್ ಅಂತ ಬರೆದರೂ, ಚಿಮಲ್ತೆನಾಂಗೋ ಕಡೆಯ ಕೆಲವು ಮನೆಗಳಲ್ಲಿ ಆಡುವುದು ಕಾಕ್ಚಿಕೆಲ್ ಎಂಬ ಮಾಯಾ ಭಾಷೆ. ನಮ್ಮ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡಿ ಶಾಲೆಯ ದಾಖಲೆಯಲ್ಲಿ ಕನ್ನಡದ ಮಗು ಆಗುತ್ತದಲ್ಲ, ಅದೇ ಥರ. ಆ ಮಗುವಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯ ಭಾಷೆ.

ಈಗ ದುಡ್ಡಿನ ಮಾತು. ಮಾಂಸದ ಕಾರ್ಖಾನೆಯ ಸಾಲಿನಲ್ಲಿ ನಿಂತವರ ಕೂಲಿ ಕನಿಷ್ಠ ಕೂಲಿಯ ಆಸುಪಾಸಿನಲ್ಲೇ ಇತ್ತು. ಐಯೋವಾದಲ್ಲಿ 2008ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. (ಇಷ್ಟು ವರ್ಷವಾದರೂ ಅದು ಒಂದು ಸೆಂಟೂ ಏರಿಲ್ಲ, ಅದು ಬೇರೆ ಮಾತು.) ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ದುಡಿದರೆ 15,080 ಡಾಲರ್. ಆ ವರ್ಷ ನಾಲ್ಕು ಜನರ ಸಂಸಾರಕ್ಕೆ ಕೇಂದ್ರ ಸರ್ಕಾರದ ಬಡತನದ ಗೆರೆ 21,200 ಡಾಲರ್. ಶಾಲೆಯ ಊಟ ಉಚಿತವಾಗಿ ಸಿಗಲು ಆದಾಯ ಆ ಗೆರೆಯ 130 ಪರ್ಸೆಂಟ್ ಒಳಗಿರಬೇಕು, ಅಂದರೆ 27,560. ರಿಯಾಯಿತಿ ದರಕ್ಕೆ 185 ಪರ್ಸೆಂಟ್, ಅಂದರೆ 39,220. ಗಂಡ ಒಬ್ಬನೇ ದುಡಿದರೆ ಮಕ್ಕಳಿಗೆ ಊಟ ಫ್ರೀ. ಗಂಡ ಹೆಂಡತಿ ಇಬ್ಬರೂ ಕೋಳಿ ಸಾಲಿನಲ್ಲಿ ನಿಂತರೆ 30,160, ಆಗಲೂ ರಿಯಾಯಿತಿ ಊಟ. ಓವರ್‌ಟೈಮ್ ಸೇರಿಸಿದರೂ ಆ ಗೆರೆ ದಾಟುವುದು ಕಷ್ಟ.

ಅಮೆರಿಕದಲ್ಲಿ ಶಾಲೆಯ ಬಡತನ ಅಳೆಯಲು ಸಾಮಾನ್ಯವಾಗಿ ನೋಡುವುದೇ ಈ ಊಟದ ಅಂಕಿ. ಹಾಗಾಗಿ ಪೋಸ್ಟ್‌ವಿಲ್ ಶಾಲೆ ಕಾಗದದ ಮೇಲೆ ಬಡ ಶಾಲೆ. ಆದರೆ ಅದರ ಸುತ್ತ ಇರುವ ನೆಲ ಬಡವಲ್ಲ. ಐಯೋವಾದ ಕಪ್ಪು ಮಣ್ಣಿನ ಎಕರೆ 2013ಕ್ಕೆ ಸರಾಸರಿ 8,716 ಡಾಲರ್, 2022ಕ್ಕೆ 11,411. ಹೊಲದ ಕಡೆ ಲಕ್ಷಾಂತರ ಡಾಲರಿನ ಆಸ್ತಿ, ಮಕ್ಕಳಿಲ್ಲ. ಊರಿನ ಬಾಡಿಗೆ ಮನೆಗಳಲ್ಲಿ ಮಕ್ಕಳು ತುಂಬಿದ್ದಾರೆ, ಆಸ್ತಿ ಇಲ್ಲ. ಎರಡನ್ನೂ ಒಂದೇ ಡಿಸ್ಟ್ರಿಕ್ಟಿನ ಗೆರೆಯೊಳಗೆ ಹಾಕಿ ಸರಾಸರಿ ತೆಗೆದರೆ ಒಂದು ಮಧ್ಯಮ ಸಂಖ್ಯೆ ಬರುತ್ತದೆ, ಆ ಸಂಖ್ಯೆಯಂತೆ ಬದುಕುವವರು ಊರಲ್ಲಿ ಒಬ್ಬರೂ ಸಿಗಲಿಕ್ಕಿಲ್ಲ.

ಸರಾಸರಿಯ ಮೋಸ ಇನ್ನೂ ಇದೆ. ತಲಾ ಆದಾಯ ಲೆಕ್ಕ ಹಾಕುವಾಗ ಏಳೆಂಟು ಮಕ್ಕಳ ಹಸಿಡಿಕ್ ಮನೆಯೂ, ಮಕ್ಕಳು ಪೇಟೆ ಸೇರಿದ ಮೇಲೆ ಪಿಂಚಣಿಯಲ್ಲಿ ಬದುಕುವ ಅಜ್ಜ ಅಜ್ಜಿಯೂ, ನಾಲ್ಕು ಜನ ಸೇರಿ ಒಂದು ಮನೆ ಬಾಡಿಗೆಗೆ ಹಿಡಿದ ಒಂಟಿ ಗಂಡಸರೂ ಒಂದೇ ಬುಟ್ಟಿಗೆ ಬೀಳುತ್ತಾರೆ. ಗಣತಿ ಇಲಾಖೆ ಇಂಥ ಚಿಕ್ಕ ಡಿಸ್ಟ್ರಿಕ್ಟುಗಳಿಗೆ ಐದು ವರ್ಷದ ಸಮೀಕ್ಷೆಗಳನ್ನು ಕೂಡಿಸಿ ಅಂದಾಜು ಕೊಡುತ್ತದೆ. ಸ್ಯಾಂಪಲ್ ಸಣ್ಣದು, ಹೆಚ್ಚುಕಮ್ಮಿಯ ಅಂತರ ದೊಡ್ಡದು. ಅದೂ ಅಲ್ಲದೆ ಐದು ವರ್ಷದಲ್ಲಿ ಇಡೀ ಕೆಲಸಗಾರರ ಸಮುದಾಯವೇ ಬದಲಾಗುವ ಊರಿಗೆ ಐದು ವರ್ಷದ ಅಂದಾಜು ಏನು ಹೇಳೀತು? ಅರ್ಧ ಹೋದವರದ್ದು, ಅರ್ಧ ಬಂದವರದ್ದು. ಇಂಥ ಊರಿನ ನಿಜವಾದ ಜಾತಕ ಬೇಕಾದರೆ ಶಾಲೆಯ ಹಾಜರಿ ಪುಸ್ತಕ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಗಣತಿಯವರು ಬಾಗಿಲು ತಟ್ಟಿದರೆ ತೆಗೆಯದ ಮನೆಯೂ ಮಗುವನ್ನು ಶಾಲೆಗೆ ಕಳಿಸುತ್ತದೆ.

ಐಯೋವಾದ ಶಾಲಾ ಹಣದ ಸೂತ್ರ ಈ ಹಾಜರಿ ಪುಸ್ತಕದ ಮೇಲೇ ನಿಂತಿದೆ. ಸೂತ್ರ ಸ್ವಲ್ಪ ಜಟಿಲ, ಆದರೆ ತಿರುಳು ಇಷ್ಟು. ಪ್ರತಿ ವರ್ಷ ಅಕ್ಟೋಬರ್ 1ರಂದು ತಲೆ ಎಣಿಸುತ್ತಾರೆ. ಆ ಎಣಿಕೆಯಿಂದ ಮುಂದಿನ ಶಾಲಾ ವರ್ಷದ ಬಜೆಟ್ ಹುಟ್ಟುತ್ತದೆ. ತಲೆಗೆ ಇಷ್ಟು ಅಂತ ರಾಜ್ಯ ಗೊತ್ತುಮಾಡುತ್ತದೆ, 2023-24ರಲ್ಲಿ ಅದು 7,635 ಡಾಲರ್. ಇದರಲ್ಲಿ ಒಂದು ಪಾಲು ಊರಿನ ಆಸ್ತಿ ತೆರಿಗೆಯಿಂದ, ಸಾವಿರ ಡಾಲರ್ ಮೌಲ್ಯಕ್ಕೆ 5.40ರಂತೆ. ಉಳಿದದ್ದರಲ್ಲಿ ದೊಡ್ಡ ಪಾಲು ರಾಜ್ಯದ್ದು. ಇಂಗ್ಲಿಷ್ ಇನ್ನೂ ಬಾರದ ಮಗುವಿಗೆ ಒಂದಷ್ಟು ವರ್ಷ ಹೆಚ್ಚುವರಿ ತೂಕ ಕೊಡುತ್ತಾರೆ. ಬಹಳ ಕಾಲ ಅದು 0.22 ಇತ್ತು, ಅಂದರೆ ಅಂಥ ಒಂದು ಮಗು ಲೆಕ್ಕದಲ್ಲಿ 1.22 ಮಗು.

ಈ ಸೂತ್ರದಲ್ಲಿ ಗ್ವಾಟೆಮಾಲಾದ ಕೂಲಿಯವನ ಮಗಳು ಯಾರು? ಸಾಮಾನ್ಯವಾಗಿ ಊರವರ ಬಾಯಲ್ಲಿ ಅವಳು ಖರ್ಚು: ಬೇರೆ ಟೀಚರ್ ಬೇಕು, ದುಭಾಷಿ ಬೇಕು, ಫ್ರೀ ಊಟ ಬೇಕು. ಖರ್ಚು ನಿಜ. ಆದರೆ ಬಜೆಟ್ ಪುಸ್ತಕದಲ್ಲಿ ಅವಳೇ ಆದಾಯ. ಅವಳು ಬಂದಿದ್ದಕ್ಕೆ ರಾಜ್ಯದ ಹಣ ಬಂತು, ಆ ಹಣದಿಂದ ಸಂಗೀತದ ಟೀಚರು, ಶಾಲೆಯ ಬಸ್ಸು, ಹೈಸ್ಕೂಲಿನ ಕೆಮಿಸ್ಟ್ರಿ ಕ್ಲಾಸು ಉಳಿಯಿತು, ಜರ್ಮನ್ ಮೂಲದ ರೈತನ ಮೊಮ್ಮಗ ಅದೇ ಕೆಮಿಸ್ಟ್ರಿ ಕ್ಲಾಸಿನಲ್ಲಿ ಕೂತ. ಸುತ್ತಲಿನ ಊರುಗಳು ಶಾಲೆ ಜೋಡಿಸಿಕೊಳ್ಳುತ್ತಿದ್ದಾಗ ಪೋಸ್ಟ್‌ವಿಲ್ ತನ್ನ ಹೈಸ್ಕೂಲನ್ನು ಸ್ವಂತ ಹೆಸರಲ್ಲೇ ಇಟ್ಟುಕೊಂಡಿತು. ಜನಸಂಖ್ಯೆ 1990ರ 1,472ರಿಂದ 2000ಕ್ಕೆ 2,273ಕ್ಕೆ ಏರಿತ್ತು. ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಏರಿಕೆ, ಅದೂ ಸುತ್ತಲಿನ ಹಳ್ಳಿಗಳು ಬಸವಳಿದ ಕಾಲದಲ್ಲಿ.

ಇದರ ನಡುವೆ ತೆರಿಗೆಯ ಒಂದು ಜಗಳವೂ ಆಯಿತು. ಕಾರ್ಖಾನೆ ಇದ್ದದ್ದು ಊರಿನ ಗಡಿಯ ಹೊರಗೆ. ಅದನ್ನು ಊರಿನೊಳಗೆ ಸೇರಿಸಿಕೊಳ್ಳಬೇಕಾ ಬೇಡವಾ ಅಂತ 1997ರಲ್ಲಿ ಓಟಿಗೆ ಹಾಕಿದರು. ಸೇರಿಸಿದರೆ ಊರು ಬಿಟ್ಟು ಹೋಗುತ್ತೇವೆ ಅಂತ ಮಾಲೀಕರು ಬೆದರಿಸಿದರು. ಊರು ಸೇರಿಸಿಕೊಂಡಿತು, ಕಾರ್ಖಾನೆ ಎಲ್ಲೂ ಹೋಗಲಿಲ್ಲ. ಹೋಗುವುದು ಅಷ್ಟು ಸುಲಭವಲ್ಲ ಅಂತ ಎರಡೂ ಕಡೆಯವರಿಗೂ ಗೊತ್ತಿತ್ತು ಅನಿಸುತ್ತದೆ.

ಇಷ್ಟು ಹಿನ್ನೆಲೆ ಇಟ್ಟುಕೊಂಡು 2008ರ ಮೇ 12ಕ್ಕೆ ಬರೋಣ. ಹಿಡಿದ 389 ಜನರಲ್ಲಿ 290 ಗ್ವಾಟೆಮಾಲಾದವರು, 93 ಮೆಕ್ಸಿಕೋದವರು. ಅವರನ್ನು ವಾಟರ್ಲೂ ಪಟ್ಟಣದ ಜಾನುವಾರು ಜಾತ್ರೆಯ ಮೈದಾನಕ್ಕೆ ಒಯ್ದು ಅಲ್ಲೇ ತಾತ್ಕಾಲಿಕ ಕೋರ್ಟು ನಡೆಸಿದರು. ಬೇರೆಯವರ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿ ಕೆಲಸಕ್ಕೆ ಸೇರಲು ಕೊಡಬೇಕಾದ ಸರ್ಕಾರಿ ಗುರುತಿನ ಸಂಖ್ಯೆ) ಬಳಸಿದ್ದಕ್ಕೆ ಗುರುತಿನ ಕಳ್ಳತನದ ದೊಡ್ಡ ಕೇಸು ಹಾಕುತ್ತೇವೆ, ಕನಿಷ್ಠ ಎರಡು ವರ್ಷ ಜೈಲು, ಬೇಡವಾದರೆ ಸಣ್ಣ ತಪ್ಪು ಒಪ್ಪಿಕೊಳ್ಳಿ, ಐದು ತಿಂಗಳು ಜೈಲು ಆಮೇಲೆ ಗಡೀಪಾರು ಅಂತ ಆಯ್ಕೆ ಕೊಟ್ಟರು. ಹತ್ತು ದಿನದೊಳಗೆ ಮುನ್ನೂರರ ಹತ್ತಿರ ಜನ ತಪ್ಪೊಪ್ಪಿಕೊಂಡರು. ಮುಂದಿನ ವರ್ಷ, 2009ರ ಮೇನಲ್ಲಿ, ಬೇರೊಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಆ ನಂಬರ್ ನಿಜವಾಗಿ ಇನ್ನೊಬ್ಬ ವ್ಯಕ್ತಿಯದ್ದು ಅಂತ ಆರೋಪಿಗೆ ಗೊತ್ತಿತ್ತು ಎಂದು ತೋರಿಸದೆ ಆ ಕಲಂ ಹಾಕುವಂತಿಲ್ಲ. ಅಷ್ಟು ಹೊತ್ತಿಗೆ ಪೋಸ್ಟ್‌ವಿಲ್‌ನವರು ಜೈಲು ಮುಗಿಸಿ ಗಡೀಪಾರಾಗಿದ್ದರು.

ಊರಲ್ಲಿ ಉಳಿದವರು ಸೇಂಟ್ ಬ್ರಿಜೆಟ್ ಚರ್ಚಿಗೆ ಓಡಿದರು. ಮಕ್ಕಳಿರುವ ಕೆಲವು ತಾಯಂದಿರನ್ನು ಬಿಟ್ಟರು, ಆದರೆ ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿ. ಕೆಲಸ ಮಾಡುವ ಹಾಗಿಲ್ಲ, ಊರು ಬಿಡುವ ಹಾಗಿಲ್ಲ. ಮನೆಯ ಆದಾಯ ಶೂನ್ಯ. ಆ ಮಕ್ಕಳು ಮಾತ್ರ ಶಾಲೆಗೆ ಬರುತ್ತಿದ್ದರು, ಬೆಳಗಿನ ತಿಂಡಿ ಮಧ್ಯಾಹ್ನದ ಊಟ ಎರಡೂ ಅಲ್ಲೇ. ಡಿಸ್ಟ್ರಿಕ್ಟಿನ ಅಂದಿನ ಮುಖ್ಯಸ್ಥರು ಇದನ್ನು ಪ್ರಕೃತಿ ವಿಕೋಪಕ್ಕೆ ಹೋಲಿಸಿ, ಇದು ಮಾತ್ರ ಮನುಷ್ಯರೇ ತಂದದ್ದು ಅಂದಿದ್ದರು.

ಬಜೆಟ್ಟಿನ ಪೆಟ್ಟು ಬೀಳುವ ರೀತಿ ವಿಚಿತ್ರ. ಮೇ ತಿಂಗಳಲ್ಲಿ ಹೋದ ಮಕ್ಕಳು ಆ ವರ್ಷದ ಲೆಕ್ಕದಲ್ಲಿ ಇದ್ದೇ ಇದ್ದರು. ಅಕ್ಟೋಬರಿನ ಎಣಿಕೆಯಲ್ಲಿ ಇಲ್ಲವಾದರು. ಹಣದ ಮೇಲೆ ಪರಿಣಾಮ ಅದಕ್ಕೂ ಮುಂದಿನ ಶಾಲಾ ವರ್ಷಕ್ಕೆ. ಒಂದು ಡಿಸ್ಟ್ರಿಕ್ಟ್ ನೂರು ಮಕ್ಕಳನ್ನು ಕಳೆದುಕೊಂಡರೆ ಅಂದಿನ ದರದಲ್ಲಿ ಐದೂವರೆ ಲಕ್ಷ ಡಾಲರ್ ಸುಮಾರು ಹೋಗುತ್ತದೆ, ಇಂಗ್ಲಿಷ್ ಕಲಿಯುವವರ ಹೆಚ್ಚುವರಿ ತೂಕ ಬೇರೆ. ಆದರೆ ಮಕ್ಕಳು ಎಲ್ಲಾ ತರಗತಿಗಳಿಂದ ಅಷ್ಟಷ್ಟು ಹೋಗುತ್ತಾರೆ. ಮೂರನೇ ಕ್ಲಾಸಿನಿಂದ ಎಂಟು, ನಾಲ್ಕರಿಂದ ಏಳು. ಟೀಚರನ್ನು ಕಾಲುಭಾಗ ಕಮ್ಮಿ ಮಾಡಲು ಆಗುತ್ತದಾ? ಬಸ್ಸು ಅಷ್ಟೇ ದೂರ ಓಡಬೇಕು, ಬಾಯ್ಲರ್ ಅಷ್ಟೇ ಉರಿಯಬೇಕು.

ಇಂಥ ಹೊತ್ತಿಗೆಂದು ಐಯೋವಾದ ಸೂತ್ರದಲ್ಲಿ ಒಂದು ಮೆತ್ತೆ ಇದೆ. ಮಕ್ಕಳು ಕಮ್ಮಿಯಾದ ಡಿಸ್ಟ್ರಿಕ್ಟಿಗೆ ಹಿಂದಿನ ವರ್ಷದ ಮೂಲ ಬಜೆಟ್ಟಿನ 101 ಪರ್ಸೆಂಟ್ ತನಕ ಒಂದು ವರ್ಷ ಭದ್ರತೆ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಕೊರತೆ ತುಂಬುವ ಹಣ ರಾಜ್ಯದ್ದಲ್ಲ, ಪೂರ್ತಿ ಊರಿನ ಆಸ್ತಿ ತೆರಿಗೆಯದ್ದು. ಅಂದರೆ ಕೆಲಸಗಾರರ ಮಕ್ಕಳು ಹೋದರೆ ಅದರ ಬಿಲ್ಲು ಬರುವುದು ಮೆಕ್ಕೆಜೋಳದ ಹೊಲದ ಮಾಲೀಕನಿಗೆ. ಅವರ ಮಕ್ಕಳಿಗೆಲ್ಲ ನಾವ್ಯಾಕೆ ಕಟ್ಟಬೇಕು ಅಂತ ಗೊಣಗುವವರು ಎಲ್ಲ ಊರಲ್ಲೂ ಇರುತ್ತಾರೆ. ಸೂತ್ರ ಓದಿದರೆ ಅದು ಉಲ್ಟಾ ಇದೆ.

ಕಾರ್ಖಾನೆಯ ಒಳಗಿನ ಇನ್ನೊಂದು ಸಂಗತಿ ಶಾಲೆಗೆ ನೇರ ಸಂಬಂಧಪಟ್ಟದ್ದು. 2008ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಕಂಪನಿ ಮತ್ತು ಅದರ ಮೇಲಿನವರ ಮೇಲೆ ಬಾಲಕಾರ್ಮಿಕ ಕಾಯ್ದೆಯ 9,311 ಆರೋಪ ಹೊರಿಸಿತು, 32 ಅಪ್ರಾಪ್ತರಿಗೆ ಸಂಬಂಧಿಸಿ. ಹೈಸ್ಕೂಲಿನ ಬೆಂಚಿನಲ್ಲಿ ಇರಬೇಕಾದ ವಯಸ್ಸು. ಕಾರ್ಖಾನೆ ನಡೆಸುತ್ತಿದ್ದ, ಆರನ್ ಅವರ ಮಗ ಶೋಲೋಮ್ ರುಬಾಶ್ಕಿನ್ ವಿಚಾರಣೆಗೆ ಬಂದ 67 ಬಾಲಕಾರ್ಮಿಕ ಆರೋಪಗಳಲ್ಲಿ 2010ರ ಜೂನ್‌ನಲ್ಲಿ ನಿರ್ದೋಷಿ ಎಂದಾಯಿತು. ಬ್ಯಾಂಕಿಗೆ ಮೋಸ ಮಾಡಿದ ಕೇಸಿನಲ್ಲಿ ಮಾತ್ರ 27 ವರ್ಷ ಶಿಕ್ಷೆ ಬಿತ್ತು, 2017ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ಮೊಟಕುಗೊಳಿಸಿದರು. ಶಾಲೆಯ ಲೆಕ್ಕಕ್ಕೆ ಇದರಲ್ಲಿ ಮುಖ್ಯವಾದದ್ದು ಒಂದೇ: ಹದಿನೈದು ಹದಿನಾರರ ವಲಸೆ ಹುಡುಗರು ದಾಖಲಾತಿಯಲ್ಲಿ ಕಮ್ಮಿ ಕಂಡರೆ ಅವರು ಊರಲ್ಲಿ ಇಲ್ಲ ಅಂತ ಅರ್ಥವಲ್ಲ.

2008ರ ನವೆಂಬರಿನಲ್ಲಿ ಕಂಪನಿ ದಿವಾಳಿ. ಬಾಡಿಗೆ ಮನೆಗಳು ಖಾಲಿ. ಊರಿನ ಕೌನ್ಸಿಲ್ ತನ್ನನ್ನು ತಾನೇ ಸಂಕಷ್ಟದ ಪ್ರದೇಶ ಅಂತ ಘೋಷಿಸಿಕೊಂಡಿತು. ಆದರೆ ಅಷ್ಟರಲ್ಲಿ ಹೊಸಬರು ಬರಲು ಶುರುವಾಗಿತ್ತು. ಕಾಗದಪತ್ರ ಸರಿ ಇರುವವರೇ ಬೇಕು ಅಂತ ಕಾರ್ಖಾನೆ ಎಲ್ಲೆಲ್ಲೋ ಹುಡುಕಿತು. ಮಿನೆಸೋಟಾ ಕಡೆಯಿಂದ ಸೊಮಾಲಿ ನಿರಾಶ್ರಿತರು ಬಂದರು. ಪೆಸಿಫಿಕ್ ಸಾಗರದ ಪಲಾವು ದ್ವೀಪದವರನ್ನು ವಿಮಾನದಲ್ಲಿ ಕರೆಸಿದರು. ಪಲಾವುವಿಗೂ ಅಮೆರಿಕಕ್ಕೂ ಒಪ್ಪಂದವಿದೆ, ಅಲ್ಲಿನ ಪ್ರಜೆಗಳು ವೀಸಾ ಇಲ್ಲದೆ ಬಂದು ಕೆಲಸ ಮಾಡಬಹುದು. ಸಮುದ್ರದ ನಡುವಿನ ದ್ವೀಪದಿಂದ ಬಂದು ಐಯೋವಾದ ಚಳಿಗಾಲದಲ್ಲಿ ಕೋಳಿ ಕತ್ತರಿಸುವುದನ್ನು ನೆನೆಸಿಕೊಳ್ಳಿ. ಬಹಳ ಜನ ಹೆಚ್ಚು ಕಾಲ ನಿಲ್ಲಲಿಲ್ಲ. 2009ರಲ್ಲಿ ಕೆನಡಾದ ಹರ್ಷಿ ಫ್ರೀಡ್‌ಮನ್ ಕಾರ್ಖಾನೆ ಕೊಂಡು ಅಗ್ರಿ ಸ್ಟಾರ್ ಅಂತ ಹೆಸರು ಬದಲಿಸಿದರು, ಕೆಲಸ ಮುಂದುವರಿಯಿತು. ಸೊಮಾಲಿಗಳು ನಿಂತರು, ಊರಲ್ಲಿ ಮಸೀದಿಯೂ ಆಯಿತು. ಊರಿನ ಫಲಕದಲ್ಲಿ ಇರುವುದು ‘ಜಗತ್ತಿಗೇ ತವರೂರು’ ಎಂಬರ್ಥದ ಘೋಷಣೆ. ಎರಡೂವರೆ ಸಾವಿರ ಜನರ ಊರಿಗೆ ಸ್ವಲ್ಪ ದೊಡ್ಡ ಮಾತು, ಆದರೆ ಸುಳ್ಳಲ್ಲ.

ಗಡೀಪಾರಾದ ಕುಟುಂಬಗಳಲ್ಲೂ ಕೆಲವು ವಾಪಸ್ ಬಂದವು, ಕಾನೂನಿನ ದಾರಿಯಲ್ಲೇ. ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾದವರಿಗೆ ಯು ವೀಸಾ ಎಂಬುದೊಂದಿದೆ. ಕಾರ್ಖಾನೆಯ ಒಳಗೆ ನಡೆದದ್ದಕ್ಕೆ ಸಾಕ್ಷಿಯಾದ ಒಂದಷ್ಟು ಹೆಂಗಸರಿಗೆ, ಮಕ್ಕಳಿಗೆ ಅದು ಸಿಕ್ಕಿತು.

ದಾಳಿಯ ಪೆಟ್ಟು ಎಷ್ಟು ದೂರ ಹೋಯಿತು ಅನ್ನೋದಕ್ಕೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ದಾಳಿಯ ನಂತರದ 37 ವಾರಗಳಲ್ಲಿ ಇಡೀ ಐಯೋವಾದ ಲ್ಯಾಟಿನಾ ತಾಯಂದಿರಿಗೆ ಹುಟ್ಟಿದ ಮಕ್ಕಳನ್ನು ಹಿಂದಿನ ವರ್ಷದ ಅದೇ ಅವಧಿಯ ಮಕ್ಕಳೊಂದಿಗೆ ಹೋಲಿಸಿದರು. ಕಮ್ಮಿ ತೂಕದ ಮಗು ಹುಟ್ಟುವ ಸಂಭವ 24 ಪರ್ಸೆಂಟ್ ಏರಿತ್ತು. ಅಮೆರಿಕದಲ್ಲೇ ಹುಟ್ಟಿದ ಲ್ಯಾಟಿನಾ ತಾಯಂದಿರಲ್ಲೂ ಏರಿತ್ತು, ಅಂದರೆ ಕಾಗದ ಸರಿ ಇದ್ದವರನ್ನೂ ಭಯ ಬಿಟ್ಟಿರಲಿಲ್ಲ. ಆ ಶಿಶುಗಳು 2013-14ರ ಹೊತ್ತಿಗೆ ಕಿಂಡರ್‌ಗಾರ್ಟನ್ ಸೇರಿದರು. ಶಾಲೆಯ ಫಾರ್ಮಿನಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ.

ಈಗಿನ ಚಿತ್ರಕ್ಕೆ ಬರೋಣ. ಪೋಸ್ಟ್‌ವಿಲ್‌ನ ಜನಸಂಖ್ಯೆ 2010ರಲ್ಲಿ 2,227 ಇತ್ತು, 2020ಕ್ಕೆ 2,503. ಅದೇ ಹತ್ತು ವರ್ಷದಲ್ಲಿ ಅದು ಸೇರಿರುವ ಅಲ್ಲಮಕೀ ಕೌಂಟಿ 14,330ರಿಂದ 14,061ಕ್ಕೆ ಇಳಿದಿದೆ. ಸುತ್ತ ಕುಗ್ಗುತ್ತಿದೆ, ನಡುವಿನ ಒಂದು ಊರು ಮಾತ್ರ ಬೆಳೆಯುತ್ತಿದೆ. ಐಯೋವಾದ ಇನ್ನೂ ಕೆಲವು ಕಾರ್ಖಾನೆ ಊರುಗಳ ಕಥೆಯೂ ಇದೇ. ಟರ್ಕಿ ಕೋಳಿ ಸಂಸ್ಕರಿಸುವ ವೆಸ್ಟ್ ಲಿಬರ್ಟಿಯಲ್ಲಿ 2010ರ ಗಣತಿಯ ಹೊತ್ತಿಗೇ ಲ್ಯಾಟಿನೋಗಳು ಅರ್ಧಕ್ಕಿಂತ ಹೆಚ್ಚಿದ್ದರು, ಅಲ್ಲಿನ ಶಾಲೆ 1990ರ ದಶಕದ ಕೊನೆಯಲ್ಲೇ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪಾಠ ಶುರುಮಾಡಿತ್ತು. ಪೋಸ್ಟ್‌ವಿಲ್‌ಗೂ ಅದಕ್ಕೂ ವ್ಯತ್ಯಾಸ ಅಂದರೆ, ಇಲ್ಲಿ ಬರುವವರ ಗುಂಪು ಪದೇಪದೇ ಬದಲಾಗಿದೆ. ಒಂದು ಭಾಷೆಗೆ ಟೀಚರ್ ಸಿಗುವಷ್ಟರಲ್ಲಿ ಇನ್ನೊಂದು ಭಾಷೆಯ ಮಕ್ಕಳು ಬಾಗಿಲಲ್ಲಿ ನಿಂತಿರುತ್ತಾರೆ. ಇದನ್ನು ತೀರ್ಮಾನಿಸುವುದು ಶಾಲಾ ಮಂಡಳಿ ಅಲ್ಲ, ಕಾರ್ಖಾನೆಯ ನೇಮಕಾತಿ ವಿಭಾಗ. ಮಂಡಳಿಯ ಹತ್ತಿರ ಮುಂಚೆ ಯಾರೂ ಕೇಳುವುದೂ ಇಲ್ಲ.

ಕೊನೆಗೆ ಓಟಿನ ಲೆಕ್ಕ. ಐಯೋವಾದಲ್ಲಿ ಶಾಲೆಯ ಹೊಸ ಕಟ್ಟಡಕ್ಕೆ ಬಾಂಡ್ ಮೂಲಕ ಸಾಲ ಎತ್ತಬೇಕಾದರೆ 51 ಪರ್ಸೆಂಟ್ ಓಟು ಸಾಲದು, 60 ಪರ್ಸೆಂಟ್ ಬೇಕು. ಓಟು ಇರುವುದು ಪ್ರಜೆಗಳಿಗೆ ಮಾತ್ರ. ಹಾಗಾಗಿ ಇಷ್ಟು ವರ್ಷ ಕಟ್ಟಡದಲ್ಲಿ ಕೂರುವ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬಹಳ ಜನರಿಗೆ ಆ ಕಟ್ಟಡದ ಬಗ್ಗೆ ಓಟಿಲ್ಲ, ಮಕ್ಕಳೇ ಇಲ್ಲದ ಮನೆಗಳಿಗೆ ಇದೆ. ಹತ್ತರಲ್ಲಿ ನಾಲ್ಕಕ್ಕಿಂತ ಒಂಚೂರು ಜಾಸ್ತಿ ಜನ ಬೇಡ ಅಂದರೆ ಸಾಕು, ಮುಗಿಯಿತು. ಅಂಥಲ್ಲಿ ರಾಜ್ಯದ ಒಂದು ಸೆಂಟ್ ಮಾರಾಟ ತೆರಿಗೆಯಿಂದ ಬರುವ ಕಟ್ಟಡ ನಿಧಿಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ, ಅದೂ ತಲೆಲೆಕ್ಕದಲ್ಲೇ ಬರುವುದು.

ಆದರೆ ಆ ಗ್ವಾಟೆಮಾಲಾದ ಸಂಸಾರಗಳಿಗೆ ಐಯೋವಾದಲ್ಲೇ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ದಾಳಿಯ ಹಿಂದಿನ ವರ್ಷ ಹುಟ್ಟಿದವರಿಗೆ 2025ಕ್ಕೆ 18 ತುಂಬಿತು. ಶಾಲಾ ಮಂಡಳಿಯ ಚುನಾವಣೆ ಬೆಸ ವರ್ಷಗಳ ನವೆಂಬರಿನಲ್ಲಿ ನಡೆಯುತ್ತದೆ. ಅದಕ್ಕೆ ನಿಲ್ಲಲೂ ಓಟು ಹಾಕಲೂ ಬೇಕಾದದ್ದು 18 ವರ್ಷ, ಪೌರತ್ವ ಮತ್ತು ಅದೇ ಡಿಸ್ಟ್ರಿಕ್ಟಿನಲ್ಲಿ ಒಂದು ವಿಳಾಸ.